ಅಪ್‌ಡೇಟ್: ಭೇದಿಯಾದ ಮಗುವಿಗೆ ಸಲೈನ್ ಏಕೆ ಹಚ್ಚಲಿಲ್ಲ ಎಂಬ ನನ್ನ ಪ್ರಶ್ನೆ

ವಾಂತಿ-ಭೇದಿಯಿಂದ ಗದಗಿನ ಆಸ್ಪತ್ರೆಯೊಂದಕ್ಕೆ ದಾಖಲಾಗಿದ್ದ ನನ್ನ ತಂಗಿಯ ಎರಡು ವರ್ಷದ ಮಗನಿಗೆ ಸಲೈನ್ ಆಗಲಿ ಆ್ಯಂಟಿಬಯಾಟಿಕ್ ಆಗಲಿ ಕೊಡದೆ ಓಆರ್‌ಎಸ್ (ಉಪ್ಪು-ಸಕ್ಕರೆಯ ಪುಡಿ ಬೆರೆಸಿದ ನೀರು) ಕುಡಿಸುತ್ತಿರುವುದು ಸರಿಯೇ ಎಂದು ಕೇಳಿದ್ದೆ. ಮಗು ಈಗ ಮನೆಗೆ ಬಂದಿದ್ದು, ಎಂದಿನಂತೆ ಊಟ ಮಾಡುತ್ತಿದೆ.

ವೈದ್ಯರು ಅನುಸರಿಸಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯನ್ನು. ಕಣ್ಣು ಗುಳಿಬಿದ್ದು, ಚಿವುಟಿದ ಚರ್ಮ ನಿಧಾನವಾಗಿ ಹಿಂದಕ್ಕೆ ಹೋಗುತ್ತಿದ್ದರೂ ಮಗು ಎಚ್ಚರವಾಗಿದ್ದು ಆತುರದಿಂದ ಕುಡಿಯುತ್ತಿದ್ದುದರಿಂದ, ಅದು ತೀವ್ರವಲ್ಲದ ನಿರ್ಜಲೀಕರಣ (ದೇಹದಲ್ಲಿ ನೀರಿನ ಕೊರತೆ) ಎಂದು ಗುರುತಿಸಿ, ಪ್ರತಿ ಕೆ.ಜಿ. ತೂಕಕ್ಕೆ 75 ಮಿ.ಲೀ. ಲೆಕ್ಕದಲ್ಲಿ 4 ಗಂಟೆಗಳ ಅವಧಿಯಲ್ಲಿ ಓಆರ್‌ಎಸ್ ಕುಡಿಸಿ ಮತ್ತೆ ಪರೀಕ್ಷಿಸಿದರು, 10 ಕೆ.ಜಿ. ತೂಗುವ ನಮ್ಮ ಹುಡುಗನಿಗೆ ಅದು 750 ಮಿ.ಲೀ. ಆಯಿತು. ವಾಂತಿಯಾದಾಗ 10 ನಿಮಿಷ ತಡೆದು, ಚಮಚದಿಂದ ಇನ್ನೂ ನಿಧಾನವಾಗಿ ಮುಂದುವರಿಸಿದರು. ಮಗು ಮಂಪರಿಗೆ ಜಾರಿ ಕುಡಿಯಲಾಗದ ಸ್ಥಿತಿ ತಲುಪಿದ್ದರೆ ತಡಮಾಡದೆ ರಕ್ತನಾಳದ ಮೂಲಕ ದ್ರವ ಕೊಡಬೇಕಾಗುತ್ತಿತ್ತು.

ಮಲದಲ್ಲಿ ರಕ್ತವಿಲ್ಲದ, ಕಾಲರಾದ ಶಂಕೆಯೂ ಇಲ್ಲದ ನೀರುಭೇದಿಗೆ ಸಾಮಾನ್ಯವಾಗಿ ಆ್ಯಂಟಿಬಯಾಟಿಕ್ ಬೇಕಿಲ್ಲ, ಏಕೆಂದರೆ ಚಿಕ್ಕ ಮಕ್ಕಳಲ್ಲಿ ಇದಕ್ಕೆ ಹೆಚ್ಚಾಗಿ ವೈರಸ್‌ಗಳೇ ಕಾರಣ. ಭೇದಿ ನಿಲ್ಲಿಸುವ ಮಾತ್ರೆಯನ್ನಂತೂ ಇಷ್ಟು ಚಿಕ್ಕ ಮಕ್ಕಳಿಗೆ ಕೊಡಬಾರದು. (ಬಾಟಲಿ ತೂಗುಹಾಕದಿದ್ದರೆ ಅದು ಚಿಕಿತ್ಸೆಯೇ ಅಲ್ಲವೆನ್ನುವ ನಮ್ಮ ಮನೆಯ ಹಿರಿಯರನ್ನು ಒಪ್ಪಿಸುವುದು ವೈದ್ಯರಿಗೆ ರೋಗಕ್ಕಿಂತ ಕಷ್ಟವಾಗಿದ್ದಿರಬೇಕು.)

ಭೇದಿಯಾದ ಮಕ್ಕಳಿಗೆ ಕೊಡುವ ಝಿಂಕ್ (ಸತು) ಮಾತ್ರೆಯ ಬಗ್ಗೆ ವಿಚಾರಿಸಿದಾಗ, ಅದನ್ನು ದಾಖಲಾದ ದಿನವೇ ಆರಂಭಿಸಿದ್ದು ತಿಳಿಯಿತು: ದಿನಕ್ಕೆ 20 ಮಿ.ಗ್ರಾಂ., ಭೇದಿ ನಿಂತರೂ ಒಟ್ಟು 14 ದಿನ. ಆ ಮಾತ್ರೆಯನ್ನು ಚಮಚದ ನೀರಿನಲ್ಲಿ ಕರಗಿಸಿ ತಂಗಿ ಈಗಲೂ ಕುಡಿಸುತ್ತಿದ್ದಾಳೆ.