ಸೋಂಕು ವಾರ್ಡಿನ ರೋಬಾಟಿಗೆ ಯಾವ ಕೆಲಸ ಕೊಡಬೇಕು?

ಪ್ರಶ್ನೆ (ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ)
ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ಸಾಂಕ್ರಾಮಿಕ ರೋಗಿಗಳ ವಾರ್ಡಿಗೆ ಊಟ, ಔಷಧ ಒಯ್ಯುವ ರೋಬಾಟ್ ಕಟ್ಟುತ್ತಿದ್ದೇವೆ. 2020ರಲ್ಲಿ ಎರ್ನಾಕುಲಂ ವೈದ್ಯಕೀಯ ಕಾಲೇಜಿನ ಕೋವಿಡ್ ವಾರ್ಡಿಗೆ ಬಂದ ಕರ್ಮಿ-ಬಾಟ್ ಎಂಬ ರೋಬಾಟ್ ನಮಗೆ ಮಾದರಿ. ಸೋಂಕು ನಿವಾರಣೆಗೆ ನೇರಳಾತೀತ ದೀಪವನ್ನೂ ಅಳವಡಿಸುವ ಆಸೆ. ರೋಗಿಯ ಹತ್ತಿರ ಯಾರೂ ಹೋಗುವ ಅಗತ್ಯವೇ ಇರಬಾರದು ಎಂಬುದು ಗುರಿ. ವಾರ್ಡಿನಲ್ಲಿ ದುಡಿದವರು ಏನು ಹೇಳುತ್ತೀರಿ?

ಉತ್ತರ 1 (ಎಲೆಕ್ಟ್ರಾನಿಕ್ಸ್ ಉಪನ್ಯಾಸಕ)
ದೀಪವನ್ನು ಈ ಯಂತ್ರಕ್ಕೆ ಸೇರಿಸಬೇಡಿ. ಅದು ಬೀರುವ 254 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಕಿರಣ ಕಣ್ಣಿಗೂ ಚರ್ಮಕ್ಕೂ ಹಾನಿಕರ. ರೋಗಿ ಇರುವ ಕೋಣೆಯಲ್ಲಿ ಉರಿಸುವಂತಿಲ್ಲ. ನೆರಳು ಬಿದ್ದ ಕಡೆ, ಮಂಚದ ಕೆಳಗೆ, ಅದು ಕೆಲಸವನ್ನೂ ಮಾಡುವುದಿಲ್ಲ.

ಉತ್ತರ 2 (ನಿವೃತ್ತ ದಾದಿ, ಮೈಸೂರು)
ನಿಮ್ಮ ಯಂತ್ರ ಬರಲಿ, ಮನಸಾರೆ ಬಯಸುತ್ತೇನೆ. ಆದರೆ ಗುರಿಯನ್ನು ಬದಲಿಸಿ. ಒಂದು ಬಾಟಲಿ ನೀರು ಕೊಡಲೂ ನಾವು ಪಿಪಿಇ (ಮೈಯೆಲ್ಲ ಮುಚ್ಚುವ ರಕ್ಷಣಾ ಉಡುಪು) ತೊಟ್ಟು ಹೋಗಬೇಕಿತ್ತು. ಅದನ್ನು ಕಳಚುವಾಗಲೇ ಸೋಂಕು ತಗಲುವ ಭಯ ಹೆಚ್ಚು. ನೀರು, ತಟ್ಟೆ, ಮಾತ್ರೆ, ಒಗೆದ ಬಟ್ಟೆ, ಮನೆಯವರೊಂದಿಗೆ ವಿಡಿಯೊ ಕರೆ: ಇವನ್ನೆಲ್ಲ ರೋಬಾಟ್ ವಹಿಸಿಕೊಂಡರೆ ನಮ್ಮ ಅಷ್ಟೂ ಹೊತ್ತು ರೋಗಿಗೇ ಸಿಗುತ್ತದೆ.

ಏದುಸಿರು ಬಿಡುತ್ತಿರುವ ಅಜ್ಜಿಯ ಮುಂದೆ ತಟ್ಟೆ ಬಂದು ನಿಂತರೆ ಸಾಲದು. ಎತ್ತಿ ಕೂರಿಸಬೇಕು, ಆಮ್ಲಜನಕದ ಕೊಳವೆ ಜಾರದಂತೆ ನೋಡಿಕೊಳ್ಳಬೇಕು, ಮುದ್ದೆ ನುಂಗಲಾಗದಿದ್ದರೆ ಗಂಜಿ ಕುಡಿಸಬೇಕು. ಬೆಳಿಗ್ಗೆ ಮಾತನಾಡಿದವರು ಸಂಜೆ ತೊದಲಿದರೆ ಅದನ್ನು ಗುರುತಿಸಬೇಕು. ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ ಕ್ಷಯ ಮತ್ತು ಎದೆರೋಗಗಳಿಗೆಂದೇ ಆಸ್ಪತ್ರೆ ಇದೆ. ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಅಷ್ಟು ಕಾಲ ಮಾತ್ರೆ ಬಿಡದಂತೆ ರೋಗಿಯನ್ನು ಒಲಿಸುವವರು ಬೇಕು. ದಯವಿಟ್ಟು, "ಯಾರೂ ಹೋಗಬೇಕಿಲ್ಲ" ಎಂದು ವರದಿಯಲ್ಲಿ ಬರೆಯಬೇಡಿ. ಆ ಸಾಲನ್ನು ಹಿಡಿದು ದಾದಿಯರ ಹುದ್ದೆಗಳನ್ನೇ ಕಡಿತ ಮಾಡಿಯಾರು.

ಮರುಪ್ರಶ್ನೆ (ವಿದ್ಯಾರ್ಥಿ)
ಒಪ್ಪಿದೆ ಮೇಡಂ, ಗುರಿಯನ್ನು ಬದಲಿಸುತ್ತೇವೆ, ದೀಪವನ್ನೂ ಕೈಬಿಡುತ್ತೇವೆ. ವಿನ್ಯಾಸದಲ್ಲಿ ಮೊದಲು ಏನನ್ನು ಗಮನಿಸಬೇಕು?

ಉತ್ತರ 3 (ನಿವೃತ್ತ ದಾದಿ, ಮೈಸೂರು)
ಒಳಗೆ ಹೋಗಿ ಬಂದ ರೋಬಾಟನ್ನು ಒರೆಸುವವರು ಯಾರು ಎಂಬುದನ್ನು. ಸೋಂಕು ಕಳೆಯಲು ಒರೆಸುವ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣ ಲೋಹವನ್ನು ತಿನ್ನುತ್ತದೆ. ಆದ್ದರಿಂದ ಮೈ ನುಣುಪಾಗಿರಲಿ, ಸಂದುಗಳು ಬೇಡ, ತಂತಿಗಳು ಹೊರಗೆ ಕಾಣದಿರಲಿ. ಹೊಸ್ತಿಲು ದಾಟುವಷ್ಟು ದೊಡ್ಡ ಚಕ್ರ ಹಾಕಿ. ತಟ್ಟೆ ಮಲಗಿದವರ ಕೈಗೆಟಕುವ ಎತ್ತರದಲ್ಲಿರಲಿ. ದಾದಿಯನ್ನು ಕರೆಯಲು ಒಂದು ದೊಡ್ಡ ಕೆಂಪು ಗುಂಡಿ ಇರಲೇಬೇಕು. ಅದರ ಮೇಲಿನ ಬರಹ ಕನ್ನಡದಲ್ಲಿರಲಿ.