ಪದಚರ್ಚೆ: ನಕ್ಷೆಯ ಹುಡುಕಾಟದಲ್ಲಿ ‘ಒಳಗೆ’, ‘ತಾಗಿ’, ‘ಬಲಸುತ್ತು’ ಸರಿಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕೊಡಗಿನ ತೋಟ, ಗದ್ದೆ, ಕೆರೆ, ದೇವರಕಾಡುಗಳನ್ನು ನಕ್ಷೆಯ ಮೇಲೆ ಹುಡುಕುವ ಒಂದು ಪುಟವನ್ನು ಪೊನ್ನಂಪೇಟೆ ಕಡೆಯ ನಾವೊಂದಿಷ್ಟು ಜನ ಸೇರಿ ಮಾಡುತ್ತಿದ್ದೇವೆ. ತೆರೆಮರೆಯಲ್ಲಿ ಹುಡುಕುವ ಕೆಲಸ ಎಲಾಸ್ಟಿಕ್‌ಸರ್ಚ್ ಅನ್ನುವ ತಂತ್ರಾಂಶದ್ದು. ನಕ್ಷೆಯ ಮೇಲೆ ಬೆರಳಲ್ಲಿ ಒಂದು ಜಾಗ ಸುತ್ತಿದರೆ ಅಲ್ಲಿರುವುದರ ಪಟ್ಟಿ ಬರಬೇಕು. ಬರದೇ ಹೋದರೆ ಯಾಕೆ ಬರಲಿಲ್ಲ ಅಂತ ಕನ್ನಡದಲ್ಲೇ ತಿಳಿಸಬೇಕು. ಆ ತಿಳಿವಳಿಕೆಯ ಸಾಲುಗಳನ್ನು ಬರೆಯುವುದು ನನ್ನ ಪಾಲಿಗೆ ಬಂದಿದೆ. ಓದುವವರು ಬೆಳೆಗಾರರು, ಸರ್ವೆ ಕೆಲಸದವರು, ಮೇಷ್ಟ್ರುಗಳು. ಅದಕ್ಕೇ ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳೋಣ ಅಂತ.

ಜಾಸ್ತಿ ತಲೆ ತಿನ್ನುತ್ತಿರುವುದು ‘ಒಳಗೆ’. ವಿರಾಜಪೇಟೆ ಮತ್ತು ಪೊನ್ನಂಪೇಟೆ ತಾಲ್ಲೂಕುಗಳ ಗಡಿಯ ಮೇಲೆ ಒಂದು ಕಾಫಿ ತೋಟ ಇದೆ ಅಂದುಕೊಳ್ಳಿ. ಮುಕ್ಕಾಲು ಭಾಗ ಆಚೆ, ಕಾಲು ಭಾಗ ಈಚೆ. ಯಜಮಾನರನ್ನು ಕೇಳಿದರೆ ‘ಎರಡು ತಾಲ್ಲೂಕಿನೊಳಗೂ ಬರುತ್ತೆ’ ಅಂತಾರೆ. ನಾವೆಲ್ಲ ಮಾತಾಡುವುದೂ ಹಾಗೇ. ಆದರೆ ಎಲಾಸ್ಟಿಕ್‌ಸರ್ಚ್‌ಗೆ ‘ವಿದಿನ್’ ಅಂತ ಕೇಳಿದರೆ ಆ ತೋಟ ಎರಡೂ ಕಡೆ ಸಿಗುವುದಿಲ್ಲ. ಇಡೀ ತೋಟ ಗಡಿಯೊಳಗೆ ಕೂತಿದ್ದರೆ ಮಾತ್ರ ಅದು ‘ವಿದಿನ್’. ‘ಇಂಟರ್‌ಸೆಕ್ಟ್ಸ್’ ಅಂತ ಕೇಳಿದರೆ ಎರಡೂ ಕಡೆ ಸಿಗುತ್ತೆ. ಏನೂ ಹೇಳದೆ ಸುಮ್ನೆ ಬಿಟ್ಟರೂ ಅದು ಇಂಟರ್‌ಸೆಕ್ಟ್ಸ್ ಅಂತಲೇ ತಿಳಿದುಕೊಳ್ಳುತ್ತೆ. ಅಂದರೆ ಜನ ಆಡುವ ‘ಒಳಗೆ’ ಹೆಚ್ಚಾಗಿ ಇಂಟರ್‌ಸೆಕ್ಟ್ಸ್‌ನದು, ಪುಟದಲ್ಲಿ ಒತ್ತುವ ಗುಂಡಿಯ ಮೇಲೆ ನಾವು ಬರೆದ ‘ಒಳಗೆ’ ವಿದಿನ್‌ನದು. ತೋಟ ಕಾಣೆಯಾಗಿದೆ ಅಂತ ಬರುವ ದೂರುಗಳಲ್ಲಿ ತುಂಬಾ ಇದರವೇ. ವಿದಿನ್‌ಗೆ ‘ಪೂರ್ತಿ ಒಳಗೆ’ ಅಂತ ಬರೆದರೆ ಅರ್ಧ ಗೊಂದಲ ಹೋಗುತ್ತೆ. ಇದರಲ್ಲಿ ನನಗೆ ಅನುಮಾನ ಇಲ್ಲ.

ಹಾಗಾದರೆ ಇಂಟರ್‌ಸೆಕ್ಟ್ಸ್‌ಗೆ ಏನು? ಪಠ್ಯಪುಸ್ತಕದ ‘ಛೇದಿಸು’ ನನಗೆ ಸರಿ ಕಾಣುವುದಿಲ್ಲ. ಛೇದಿಸು ಅಂದ ಕೂಡಲೇ ಒಂದು ಗೆರೆ ಇನ್ನೊಂದನ್ನು ಕತ್ತರಿಸಿಕೊಂಡು ಹೋದ ಹಾಗೆ ಕಾಣುತ್ತೆ. ತಾಲ್ಲೂಕಿನ ನಟ್ಟನಡುವೆ, ಯಾವ ಗಡಿಯ ಹತ್ತಿರವೂ ಬಾರದ ಒಂದು ಸಣ್ಣ ಗದ್ದೆಯೂ ಇಂಟರ್‌ಸೆಕ್ಟ್ಸ್ ಲೆಕ್ಕದಲ್ಲಿ ಬರುತ್ತೆ. ಅದನ್ನು ಛೇದಿಸುತ್ತೆ ಅಂದರೆ ಯಾರು ನಂಬುತ್ತಾರೆ? ‘ಹಾದುಹೋಗು’ ಅಂದರೂ ಇದೇ ತೊಂದರೆ. ಹಾದುಹೋಗುವುದು ಹೊಳೆ, ರಸ್ತೆ. ಗದ್ದೆ ಇದ್ದಲ್ಲೇ ಇರುತ್ತೆ.

‘ತಾಗು’ ಹೇಗೆ? ಗಡಿಗೆ ಬರೀ ಅಂಟಿಕೊಂಡಿರುವುದೂ ಇಂಟರ್‌ಸೆಕ್ಟ್ಸ್‌ನಲ್ಲಿ ಸೇರುತ್ತೆ. ವಿರಾಜಪೇಟೆ ತಾಲ್ಲೂಕನ್ನೇ ಕೊಟ್ಟು ಅದಕ್ಕೆ ಸೇರುವ ತಾಲ್ಲೂಕು ಯಾವುವು ಅಂತ ಕೇಳಿದರೆ ಪಕ್ಕದ ಪೊನ್ನಂಪೇಟೆಯೂ ಬಂದು ನಿಲ್ಲುತ್ತೆ, ಗಡಿಗೆರೆ ಎರಡಕ್ಕೂ ಒಂದೇ ಆದ್ದರಿಂದ. ಈ ಕಡೆಯಿಂದ ನೋಡಿದರೆ ತಾಗು ಒಳ್ಳೆಯ ಪದ. ಆದರೆ ನಮ್ಮಲ್ಲಿ ‘ನನ್ನ ತೋಟ ದೇವರಕಾಡಿಗೆ ತಾಗಿಕೊಂಡಿದೆ’ ಅಂದರೆ ಪಕ್ಕದಲ್ಲಿದೆ, ಒಳಗಿಲ್ಲ ಅಂತಲೇ ಅರ್ಥ. ಒತ್ತುವರಿಯ ಮಾತು ಬಂದಾಗ ಈ ವ್ಯತ್ಯಾಸಕ್ಕೆ ಭಾರಿ ಬೆಲೆ. ದೇವರಕಾಡನ್ನು ತಾಗುವ ತೋಟಗಳು ಅಂತ ಪಟ್ಟಿ ಕೊಟ್ಟು, ಅದರಲ್ಲಿ ಕಾಡಿನೊಳಗೆ ನುಗ್ಗಿದ ತೋಟವೂ ಬರೀ ಪಕ್ಕದ ತೋಟವೂ ಒಟ್ಟಿಗೆ ಕೂತರೆ ಜಗಳ ಶುರು. ಸದ್ಯಕ್ಕೆ ‘ಸ್ವಲ್ಪವಾದರೂ ಸೇರಿರುವ’ ಅಂತ ಬರೆದಿದ್ದೇನೆ. ಉದ್ದ ಆಯ್ತು, ಗುಂಡಿಯಲ್ಲಿ ಹಿಡಿಸುವುದಿಲ್ಲ. ಚಿಕ್ಕದು ಹೊಳೆದರೆ ಹೇಳಿ.

ನಾವು ಕೊಟ್ಟ ಜಾಗವನ್ನು ಪೂರ್ತಿ ತನ್ನೊಳಗೆ ಇಟ್ಟುಕೊಂಡಿರುವುದನ್ನು ಹುಡುಕುವ ‘ಕಂಟೈನ್ಸ್’ಗೆ ‘ಒಳಗೊಂಡಿರುವ’ ಅಂತ ಒಬ್ಬರು ಬರೆದಿದ್ದರು. ವಿದಿನ್‌ಗೆ ‘ಒಳಗಿರುವ’, ಇದಕ್ಕೆ ‘ಒಳಗೊಂಡಿರುವ’. ಮೊಬೈಲ್ ಪರದೆಯಲ್ಲಿ ಬೇಗ ಓದುವಾಗ ಎರಡೂ ಒಂದೇ ಥರ ಕಾಣುತ್ತೆ, ಅರ್ಥ ಮಾತ್ರ ತಲೆಕೆಳಗು. ನಾನು ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಅಂತ ಹುಡುಕುವಾಗ ಬೇಕಾದ್ದು ಈ ಎರಡನೆಯದು. ‘ಸುತ್ತುವರಿದಿರುವ’ ಅಂದರೆ ಕಿವಿಗೂ ಕಣ್ಣಿಗೂ ಬೇರೆಯಾಗಿ ನಿಲ್ಲುತ್ತೆ ಅನ್ನಿಸುತ್ತೆ.

ಇನ್ನು ಪಾಲಿಗನ್, ಅಂದರೆ ಬಿಂದುಗಳನ್ನು ಗೆರೆಯಿಂದ ಕೂಡಿಸಿ ಒಂದು ಜಾಗವನ್ನು ಸುತ್ತಿದ ಆಕಾರ. ‘ನಿಮ್ಮ ಬಹುಭುಜಾಕೃತಿ ಅಮಾನ್ಯವಾಗಿದೆ’ ಅಂತ ಬರೆದರೆ ಓದಿದವರು ಪುಟ ಮುಚ್ಚಿ ಎದ್ದು ಹೋಗುತ್ತಾರೆ. ನಮ್ಮವರು ಕೊಟ್ಟ ಸಲಹೆ ‘ಚಕ್ಕುಬಂದಿ’. ಜಮೀನಿನ ಪತ್ರ ನೋಡಿದವರಿಗೆಲ್ಲ ಗೊತ್ತಿರುವ ಪದ. ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ಕದಂಗ, ಉತ್ತರಕ್ಕೆ ಪೈಸಾರಿ, ದಕ್ಷಿಣಕ್ಕೆ ಇಂಥವರ ಬಾಣೆ ಅಂತ ಬರುತ್ತಲ್ವಾ, ಅದು. ಕೇಳೋಕೆ ಚೆನ್ನಾಗಿದೆ. ಆದರೆ ಆ ಸಾಲನ್ನು ಇನ್ನೊಮ್ಮೆ ನೋಡಿ: ಪೂರ್ವ ಆದಮೇಲೆ ಪಶ್ಚಿಮ, ಆಮೇಲೆ ಉತ್ತರ, ಆಮೇಲೆ ದಕ್ಷಿಣ. ಅದು ಸುತ್ತು ಬರುವ ಕ್ರಮ ಅಲ್ಲ. ಆ ಕ್ರಮದಲ್ಲೇ ನಾಲ್ಕು ಬಿಂದು ಇಟ್ಟು ಗೆರೆ ಎಳೆದರೆ ಪೂರ್ವದಿಂದ ಪಶ್ಚಿಮಕ್ಕೆ ಒಂದು ಗೆರೆ, ಉತ್ತರದಿಂದ ದಕ್ಷಿಣಕ್ಕೆ ಇನ್ನೊಂದು, ಎರಡೂ ನಡುವೆ ಒಂದರ ಮೇಲೊಂದು ದಾಟುತ್ತವೆ. ತನ್ನ ಗೆರೆಯನ್ನು ತಾನೇ ದಾಟುವ ಆಕಾರವನ್ನು ಎಲಾಸ್ಟಿಕ್‌ಸರ್ಚ್ ತಗೊಳ್ಳುವುದಿಲ್ಲ. ಹಾಗಾಗಿ ಪಾಲಿಗನ್‌ಗೆ ಚಕ್ಕುಬಂದಿ ಅನ್ನುವುದು ಬೇಡ ಅಂತ ನನ್ನ ವಾದ. ‘ಸುತ್ತುಗೆರೆ’ ಅಂದರೆ ಕ್ರಮವೂ ಅದರಲ್ಲೇ ಬಂತು. ಮೂಲೆಯ ಬಿಂದುಗಳಿಗೆ ‘ಬಾಂದು’ ಅನ್ನಬಹುದು, ಸರ್ವೆಯವರು ಬಾಂದು ಕಲ್ಲು ಅನ್ನುವುದು ಎಲ್ಲರಿಗೂ ಗೊತ್ತು.

ಸುತ್ತುಗೆರೆ ಶುರುವಾದ ಬಾಂದಿಗೇ ಬಂದು ಮುಗಿಯಬೇಕು. ನಾಲ್ಕು ಮೂಲೆಯ ಗದ್ದೆಗೆ ಐದು ಬಿಂದು, ಮೊದಲನೆಯದೇ ಕೊನೆಯದೂ. ಇದು ತಪ್ಪಿದಾಗ ಬರುವ ಸಂದೇಶವನ್ನು ‘ಮುಚ್ಚಿಲ್ಲ’ ಅಂತ ಬರೆದಿದ್ದರು. ‘ಸುತ್ತು ಕೂಡಿಲ್ಲ’ ಅಂದರೆ ಸಾಕು. ಬೇಲಿ ಹಾಕಿಸುವವರು ಆಡುವ ಮಾತೇ ಅದು, ಬೇಲಿ ಎಲ್ಲಿ ಕೂಡಿಲ್ಲವೋ ಅಲ್ಲಿ ದನ ನುಗ್ಗುತ್ತೆ.

ಚಕ್ಕುಬಂದಿ ಇನ್ನೊಂದು ಕಡೆ ನೆರವಿಗೆ ಬರುತ್ತೆ. ನಾವು ಹೇಳುವುದು ‘ಅಕ್ಷಾಂಶ, ರೇಖಾಂಶ’ ಅಂತ, ಅಕ್ಷಾಂಶ ಯಾವಾಗಲೂ ಮೊದಲು. ನಕ್ಷೆಯ ಮಾಹಿತಿ ಬರೆದಿಡುವ ಜಿಯೋಜೇಸನ್ ಮಾದರಿಯ 2016ರ ನಿಯಮದಲ್ಲಿ ರೇಖಾಂಶವೇ ಮೊದಲು. ಮಡಿಕೇರಿ ಅಂದರೆ 75.74, ಆಮೇಲೆ 12.42. ಎಲಾಸ್ಟಿಕ್‌ಸರ್ಚ್‌ನಲ್ಲಿ ಇನ್ನೂ ಮಜಾ ಇದೆ. ಒಂದು ಬಿಂದುವನ್ನು ಚೌಕ ಕಂಸದಲ್ಲಿ ಕೊಟ್ಟರೆ ರೇಖಾಂಶ ಮೊದಲು, ಅಲ್ಪವಿರಾಮ ಹಾಕಿ ಬರೀ ಪಠ್ಯವಾಗಿ ಕೊಟ್ಟರೆ ಅಕ್ಷಾಂಶ ಮೊದಲು. ತಿರುಗಾಮುರುಗಾ ಆದರೆ ಮಡಿಕೇರಿ ನಾರ್ವೆಯ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ಸಮುದ್ರಕ್ಕೆ ಹೋಗಿ ಬೀಳುತ್ತೆ. ದೂರು ಕೂಡ ಬರುವುದಿಲ್ಲ. ಗುವಾಹಟಿಯವರಿಗೆ ಹೀಗಾದರೆ, ಅಲ್ಲಿನ ರೇಖಾಂಶ 91 ದಾಟಿರುವುದರಿಂದ, ತೊಂಬತ್ತಕ್ಕಿಂತ ಹೆಚ್ಚಿನ ಅಕ್ಷಾಂಶ ಇರಲಾರದು ಅಂತ ಯಂತ್ರವೇ ಕೂಗಿಕೊಳ್ಳುತ್ತೆ. ನಮ್ಮ 75 ತೊಂಬತ್ತಕ್ಕಿಂತ ಕಡಿಮೆ, ಹಾಗಾಗಿ ಅದು ಒಪ್ಪಿಕೊಂಡು ಸುಮ್ಮನಿರುತ್ತೆ, ಪಟ್ಟಿ ಮಾತ್ರ ಖಾಲಿ. ಅದಕ್ಕೇ ಎರಡು ಖಾನೆಗಳಲ್ಲಿ ರೇಖಾಂಶದ್ದಕ್ಕೆ ‘ಪೂರ್ವ’, ಅಕ್ಷಾಂಶದ್ದಕ್ಕೆ ‘ಉತ್ತರ’ ಅಂತ ಹೆಸರಿಟ್ಟರೆ ಹೇಗೆ? ಪತ್ರದಲ್ಲಿ ಪೂರ್ವ ಮೊದಲು ಬರುವುದು ಎಲ್ಲರಿಗೂ ಬಾಯಿಪಾಠ. ಭೂಗೋಳದ ಮೇಷ್ಟ್ರುಗಳು ಒಪ್ಪುತ್ತಾರೋ ಇಲ್ಲವೋ.

‘ಬಲ’ದ ವಿಷಯ ಇನ್ನೂ ಸಿಕ್ಕು. ಸುತ್ತುಗೆರೆ ಯಾವ ಕಡೆಯಿಂದ ತಿರುಗಬೇಕು ಅಂತ ಹೇಳುವ ಜಾಗದಲ್ಲಿ ಎಲಾಸ್ಟಿಕ್‌ಸರ್ಚ್ ‘ರೈಟ್’ ಅನ್ನುತ್ತೆ. ಅದರ ಅರ್ಥ ಗಡಿಯಾರದ ಮುಳ್ಳಿಗೆ ಎದುರಾಗಿ. ಬಲಗೈ ಹೆಬ್ಬೆರಳು ಮೇಲೆ ಮಾಡಿ ಉಳಿದ ಬೆರಳು ಮಡಚಿ ನೋಡಿ, ಬೆರಳು ತಿರುಗುವ ದಿಕ್ಕು ಅದೇ. ಆದರೆ ಕನ್ನಡದಲ್ಲಿ ಬಲ ಬರುವುದು ಅಂದರೆ ಪ್ರದಕ್ಷಿಣೆ, ಗಡಿಯಾರದ ಮುಳ್ಳಿನ ಜೊತೆಗೇ. ಓಂಕಾರೇಶ್ವರ ದೇವಸ್ಥಾನವನ್ನು ಸುತ್ತುವವರನ್ನು ಕೇಳಿ, ಬಲಸುತ್ತು ಯಾವುದು ಅಂತ ತಟ್ಟನೆ ತೋರಿಸುತ್ತಾರೆ. ಹಾಗಾಗಿ ‘ರೈಟ್’ ಅನ್ನು ‘ಬಲಸುತ್ತು’ ಅಂತ ಕನ್ನಡಕ್ಕೆ ತಂದರೆ ಸರಿಯಾಗಿ ಉಲ್ಟಾ. ‘ಅಪ್ರದಕ್ಷಿಣೆ’ ಅನ್ನೋಣ ಅಂದರೆ ಹಿರಿಯರಿಗೆ ಅಪರಕ್ರಿಯೆ ನೆನಪಾಗುತ್ತೆ. ಕೊಡಗಿನಷ್ಟು ಚಿಕ್ಕ ಜಾಗಕ್ಕೆ ಎಲಾಸ್ಟಿಕ್‌ಸರ್ಚ್ ಈ ದಿಕ್ಕನ್ನು ನೋಡುವುದೇ ಇಲ್ಲ, 180 ಡಿಗ್ರಿಗಿಂತ ಅಗಲ ಹರಡಿದ ಆಕಾರಕ್ಕೆ ಮಾತ್ರ ಅದರ ಉಪಯೋಗ. ಆದರೆ ಅದೇ ಕಡತವನ್ನು ನಕ್ಷೆ ಬಿಡಿಸುವ ಬೇರೆ ಸಲಕರಣೆಗೆ ಕೊಟ್ಟಾಗ ದಿಕ್ಕು ತಪ್ಪಿದ್ದರೆ ಕೊಡಗು ಒಂದನ್ನು ಬಿಟ್ಟು ಭೂಮಿಯೆಲ್ಲ ಬಣ್ಣ ತುಂಬಿಕೊಂಡು ಕೂರುತ್ತೆ. ಹಾಗಾಗಿ ಪದ ಬೇಕೇ ಬೇಕು. ‘ಎಡಸುತ್ತು’ ಅಂತ ಬರೆದು ಪಕ್ಕದಲ್ಲಿ ಒಂದು ಬಾಣದ ಗುರುತು ಹಾಕುವ ಯೋಚನೆ ಇದೆ.

ಕೊನೆಯದಾಗಿ, ತೋಟದ ನಡುವೆ ದೇವರಕಾಡು ಇದ್ದರೆ ಅಷ್ಟು ಜಾಗವನ್ನು ತೋಟದಿಂದ ಕಳೆಯಬೇಕು. ಅದಕ್ಕೆ ಒಳಗೊಂದು ಸುತ್ತುಗೆರೆ ಕೊಡುತ್ತೇವೆ. ತಂತ್ರಾಂಶದವರು ಅದನ್ನು ‘ಹೋಲ್’ ಅನ್ನುತ್ತಾರೆ. ಅಯ್ಯಪ್ಪನ ಕಾಡನ್ನು ತೂತು ಅಂತ ಬರೆದು ನಾನು ಊರಿನಲ್ಲಿ ಓಡಾಡುವುದು ಹೇಗೆ? ಗೆರೆಗಳಿಗೆ ‘ಹೊರಸುತ್ತು’, ‘ಒಳಸುತ್ತು’ ಅಂತ ಇಟ್ಟಿದ್ದೇನೆ. ಒಳಸುತ್ತಿನ ನಡುವೆ ಬಿಟ್ಟ ಜಾಗಕ್ಕೆ ಹೆಸರು ಸಿಕ್ಕಿಲ್ಲ. ಒಬ್ಬರ ಜಮೀನಿನ ನಡುವೆ ಬೇರೆಯವರ ತುಂಡು ಉಳಿದುಕೊಂಡಿದ್ದರೆ ನಿಮ್ಮೂರಿನ ಸರ್ವೆಯವರು, ಶಾನುಭೋಗರ ಮನೆಯವರು ಅದಕ್ಕೆ ಏನಂತಾರೆ? ಮಲೆನಾಡಿನವರು, ಬಯಲುಸೀಮೆಯವರು ಇಬ್ಬರೂ ಹೇಳಿ, ಎರಡೂ ಕಡೆ ಬೇರೆ ಬೇರೆ ಇದ್ದರೆ ಎರಡನ್ನೂ ಬರೆಯಿರಿ.