ಎಕ್ಕಾ ಬಂತಂದ್ರ ಆಡ್ಲೇಬೇಕೇನ್ರಿ? ಹೋಲ್ಡೆಮ್ ಪೋಕರ್‌ನ ಮೊದಲ ಎರಡೆಲಿ ಬಗ್ಗೆ

ತೋರಣಗಲ್ಲು ರೂಮಿನಾವ:
ಎಲ್ಲಾರಿಗೂ ನಮಸ್ಕಾರ. ನಾವು ಆರು ಮಂದಿ ಫ್ಯಾಕ್ಟರಿ ಕೆಲಸದವ್ರು, ಒಂದೇ ಓಣ್ಯಾಗ ರೂಮ್ ಮಾಡಿಕೊಂಡೀವಿ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಉಂಡ ಮ್ಯಾಲ ಟೆಕ್ಸಾಸ್ ಹೋಲ್ಡೆಮ್ ಆಡ್ತೀವಿ. ರೊಕ್ಕ ಇಡಂಗಿಲ್ಲ, ಹುಣಸಿಬೀಜ ಎಣಿಸಿ ಹಂಚಿಕೊಂತೀವಿ. ಎಲ್ಲಾರೂ ಮೂರೆಲಿ (ತೀನ್ ಪತ್ತಿ) ಆಡಿ ಬೆಳೆದವ್ರು. ಅದಕ್ಕ ಎಕ್ಕಾ ಕಂಡ್ರ ಯಾರೂ ಎಲಿ ಕೆಳಗ ಇಡಂಗಿಲ್ಲ. ಸಿಂಧನೂರಿನ ಗೆಳೆಯ ಒಬ್ಬಾವ ಎಕ್ಕಾ-ನಾಲ್ಕು, ಎಕ್ಕಾ-ಆರು ಎಲ್ಲಾ ಆಡ್ತಾನ, 'ಎಕ್ಕಾಕ್ಕಿಂತ ದೊಡ್ಡದು ಯಾವ್ದೈತಿ' ಅಂತಾನ. ನನಗ ಅದು ಸರಿ ಅನಸವಲ್ದು. ಮೊದಲ ಎರಡೆಲಿ ನೋಡಿ ಯಾವ್ದು ಆಡ್ಬೇಕು, ಯಾವ್ದು ಬಿಡ್ಬೇಕು? ತಿಳಿದವ್ರು ಬಿಡಿಸಿ ಹೇಳ್ರಿ.

ರಾಯಚೂರು ಗಣಿತ ಮೇಡಂ:
ತಮ್ಮಾ, ನಿನ್ನ ಅನುಮಾನ ಸರಿ ಅದ. ಮೂರೆಲಿ ರೂಢಿ ಇಲ್ಲಿ ನಡೆಯಂಗಿಲ್ಲ. ಮೂರೆಲಿಯೊಳಗ 100 ಕೈಗೆ 74 ಕೈ ಜೋಡಿನೂ ಆಗಂಗಿಲ್ಲ, ಬರೇ ದೊಡ್ಡ ಎಲಿ ಮ್ಯಾಲೇ ಆಟ ತೀರ್ತದ. ಅಲ್ಲಿ ಎಕ್ಕಾಕ್ಕ ಬೆಲೆ ಅದ. ಹೋಲ್ಡೆಮ್‌ನಾಗ ಕೈಯಾಗಿನ ಎರಡು, ಎಲ್ಲಾರಿಗೂ ಸೇರಿ ನೆಲಕ್ಕ ಬಿಚ್ಚಿಡೋ ಐದು, ಒಟ್ಟು ಏಳು ಎಲಿಯೊಳಗ ಒಳ್ಳೇ ಐದು ಆರಿಸ್ತೀರಿ. ಕಡೀತನಕ ಕುಂತ್ರ ಜೋಡಿನೂ ಆಗದ ಕೈ 100ಕ್ಕ 17 ಅಷ್ಟೇ. (ಮೂರೆಲಿಯೊಳಗ ಸೀಕ್ವೆನ್ಸ್, ಅಂದ್ರ ಸಾಲಾಗಿ ಬರೋ ಎಲಿ, ಅದರ ಮುಂದ ಕಲರ್, ಅಂದ್ರ ಎಲ್ಲಾ ಒಂದೇ ಗುರುತಿನ ಎಲಿ, ಸೋಲ್ತದ, ಪೋಕರ್‌ನಾಗ ಕಲರೇ ದೊಡ್ಡದು. ಇದನ್ನೂ ಎಲ್ಲಾರಿಗೂ ಹೇಳಿಬಿಡು, ಜಗಳ ಆಗಬಾರ್ದು.)

ಈಗ ಎಕ್ಕಾ-ನಾಲ್ಕು. ಆರು ಮಂದಿ ಕುಂತು ನಿನ್ನ ಕೈಯಾಗ ಒಂದು ಎಕ್ಕಾ ಇದ್ರ, ಉಳಿದ ಐದು ಮಂದಿಯೊಳಗ ಯಾರಿಗಾದ್ರೂ ಇನ್ನೊಂದು ಎಕ್ಕಾ ಬಂದಿರೋ ಸಂಭವ ಹೆಚ್ಚುಕಮ್ಮಿ ಅರ್ಧಕ್ಕ ಅರ್ಧ. ಲೆಕ್ಕ ಹಾಕಿ ನೋಡು, 100ಕ್ಕ 49.6 ಬರ್ತದ. ನೆಲಕ್ಕ ಎಕ್ಕಾ ಬಿದ್ದು ಇಬ್ಬರಿಗೂ ಅದರ ಜೋಡಿ ಆಯ್ತಂದ್ರ ಗೆಲ್ಲಿಸೋದು ಪಕ್ಕದ ಎಲಿ, ಅದಕ್ಕೇ ಕಿಕ್ಕರ್ ಅಂತಾರ. ಎಕ್ಕಾ-ರಾಜಾ ಎದುರಿಗೆ ಎಕ್ಕಾ-ನಾಲ್ಕು ಹತ್ತಕ್ಕ ಮೂರು ಸಲನೂ ಗೆಲ್ಲಂಗಿಲ್ಲ. ದೊಡ್ಡ ಎಲಿ ಅಂತ ನಂಬಿ ಕುಂತವ ಹೆಚ್ಚು ಬೀಜ ಕಳಕೊಳ್ಳೋದು ಇಲ್ಲೇ.

ನಾನು ಮುಖ್ಯವಾಗಿ ಹೇಳೋದು ಮಾತ್ರ ಬ್ಯಾರೆ ಅದ. ಎಲಿ ನೋಡೋಕಿಂತ ಮೊದಲು ನೀನು ಎಲ್ಲಿ ಕುಂತೀ ಅಂತ ನೋಡು. ಎಲಿ ನೋಡೋ ಮೊದಲೇ ಇಬ್ಬರು ಕಡ್ಡಾಯವಾಗಿ ಇಡೋ ಬೀಜಕ್ಕ ಬ್ಲೈಂಡ್ ಅಂತಾರ, ಅದರಾಗ ಹೆಚ್ಚು ಇಡೋವ ಬಿಗ್ ಬ್ಲೈಂಡ್. ಅವನ ಎಡಕ್ಕ ಇದ್ರ ಮೊದಲ ಮಾತು ನಿಂದು. ಇನ್ನೂ ಐದು ಮಂದಿ ಬಾಯಿ ಬಿಟ್ಟಿರಂಗಿಲ್ಲ, ಯಾರ ಕೈಯಾಗ ಏನದ ಗೊತ್ತಿಲ್ಲ. ಅಲ್ಲಿ ಏಳರ ಜೋಡಿ ಮತ್ತ ಅದರ ಮ್ಯಾಲಿನವು, ಎಕ್ಕಾ-ರಾಜಾ, ಎಕ್ಕಾ-ರಾಣಿ, ಒಂದೇ ಕಲರಿನ ಎಕ್ಕಾ-ಗುಲಾಮ, ರಾಜಾ-ರಾಣಿ. ಇಷ್ಟು ಸಾಕು. ಡೀಲರ್ ಜಾಗ ನಿಂದಾದ್ರ, ಮುಂದಿನವ್ರೆಲ್ಲಾ ಎಲಿ ಇಟ್ರ, ಯಾವ ಜೋಡಿ ಆದ್ರೂ ಆಡು, ಒಂದೇ ಕಲರಿನ ಎಕ್ಕಾ ಎಲ್ಲಾ ಆಡು, 9-8 ಒಂದೇ ಕಲರ್ ಇದ್ರೂ ಆಡು. ಯಾಕಂದ್ರ ಮುಂದಿನ ಸುತ್ತಿನಾಗ ಎಲ್ಲಾರ ಮಾತು ಕೇಳಿ ಕಡೀಗೆ ಮಾತಾಡೋದು ನೀನೇ.

ನಾನು ಪಿಯು ಮಕ್ಕಳಿಗೆ ಸಂಭವನೀಯತೆ ಪಾಠ ಹೇಳುವಾಗ ಬೋರ್ಡ್ ಮ್ಯಾಲ 1326 ಅಂತ ಬರೀತೀನಿ. 52 ಎಲಿಯಾಗ ಎರಡು ಆರಿಸೋ ದಾರಿ ಅಷ್ಟು. ಅದರಾಗ ಜೋಡಿ 78, ಅಂದ್ರ 17 ಸಲ ಹಂಚಿದ್ರ ಒಂದ್ಸಲ. ಎಕ್ಕಾ ಜೋಡಿ 221ಕ್ಕ ಒಂದ್ಸಲ. ಇದು ತಲ್ಯಾಗ ಇದ್ರ ಎಲಿ ಬಿಡೋಕ ಮನಸ್ಸು ಗಟ್ಟಿ ಆಗ್ತದ.

ಗಂಗಾವತಿ ಮಿಲ್ಲಿನವ್ರು:
ಮೇಡಂ ಹೇಳಿದ್ದು ಒಪ್ಪಿದೆ, ಒಂದು ಬಿಟ್ಟು. ಸಣ್ಣ ಜೋಡಿ ಬಗ್ಗೆ ಬೀಜದ ಲೆಕ್ಕ ಹೇಳಲಿಲ್ಲ. ಮೂರರ ಜೋಡಿ ಹಿಡಿದ್ರ ನೆಲದ ಮೊದಲ ಮೂರೆಲಿಯೊಳಗ ಇನ್ನೊಂದು ಮೂರು ಬೀಳೋದು 100ಕ್ಕ 12 ಸಲ. ಉಳಿದಾಗೆಲ್ಲಾ ದೊಡ್ಡ ಎಲಿ ಕುಂತಿರ್ತಾವ, ನಮ್ಮ ಜೋಡಿ ಮ್ಯಾಲ ನಂಬಿಕಿ ಹೋಗ್ತೈತಿ. ಒಬ್ಬಾವ ಮುಂಚೇನ ರೈಸ್ ಮಾಡಿದ್ರ, ಅಂದ್ರ ಪಣ ಏರಿಸಿದ್ರ, ಅವನ ಮುಂದ ಆ ರೈಸಿನ 15 ಪಟ್ಟಾದ್ರೂ ಬೀಜ ಇರಬೇಕು. ಇಲ್ಲಂದ್ರ ಬಿಡ್ರಿ. ಕಲರ್ ಆಸೆನೂ ಹಂಗೇ. ಒಂದೇ ಕಲರಿನ ಎರಡೆಲಿ ಹಿಡಿದು ಕಡೀತನಕ ಕುಂತ್ರೂ ಅದೇ ಕಲರ್ ಪೂರ್ತಿ ಆಗೋದು 100ಕ್ಕ 6 ಸಲ.

ಕೊಪ್ಪಳದಾಕಿ:
ಬೀಜ ಇಟ್ಟು ಆಡೋದು ಚಲೋ ಮಾಡೀರಿ. ಮೊಬೈಲ್‌ನಾಗ ರೊಕ್ಕ ಇಟ್ಟು ಕಲೀತೀನಂತ ಯಾರಾದ್ರೂ ಅಂದ್ರ ತಡೀರಿ, 2025ರಾಗ ಸಂಸತ್ತು ಮಾಡಿದ ಕಾಯ್ದೆಯಾಗ ರೊಕ್ಕದ ಆನ್‌ಲೈನ್ ಆಟ ನಿಷೇಧ ಐತಿ.

ತೋರಣಗಲ್ಲು ರೂಮಿನಾವ:
ಮೇಡಂ, ಅಣ್ಣಾರ, ಭಾಳ ಉಪಕಾರ ಆತು. ನಾವು ಒಬ್ಬೊಬ್ಬರಿಗೆ 50 ಬೀಜ ಹಂಚ್ತೀವಿ, ಬ್ಲೈಂಡ್ 1-2. ಯಾರಾದ್ರೂ 6 ರೈಸ್ ಮಾಡಿದ್ರ ಮೂರರ ಜೋಡಿ ಇಟ್ಟುಬಿಡ್ಬೇಕಾ?

ರಾಯಚೂರು ಗಣಿತ ಮೇಡಂ:
ಇಟ್ಟುಬಿಡು. ಮೂರನೇ ಮೂರು ಒಂದ್ಸಲ ಬೀಳೋ ಹೊತ್ತಿಗೆ ಏಳೂವರಿ ಸಲ ಆರಾರು ಬೀಜ ಹೋಗಿರ್ತಾವ, ಅಂದ್ರ 45. ಎದುರಿನವನ ಹತ್ರ ಇರೋದೇ 50, ಅಷ್ಟೂ ಪ್ರತಿ ಸಲ ಕೊಡ್ತಾನೇನು? ಗಂಗಾವತಿಯವ್ರ ಮಾತು ಅದಕ್ಕೇ ಸರಿ. ಬೀಜ ಸಿಕ್ರ 200 ಹಂಚಿಕೊಳ್ರಿ, ಬ್ಲೈಂಡ್ ಅದೇ ಇರ್ಲಿ. ಆಗ ಸಣ್ಣ ಜೋಡಿ ಹಿಡಿದು ಆ 6 ಕೊಡೋದು ತಪ್ಪಲ್ಲ, ಡೀಲರ್ ಜಾಗದಾಗ 8-7 ಒಂದೇ ಕಲರ್ ಇದ್ರೂ ನಡೀತದ. ನಿನ್ನ ಗೆಳೆಯನ ಎಕ್ಕಾ-ನಾಲ್ಕು ಮಾತ್ರ, ಕಲರ್ ಬ್ಯಾರೆ ಬ್ಯಾರೆ ಇದ್ರ, ಮೊದಲ ಜಾಗದಾಗ ಆಗಲೂ ಕೆಳಗೇ ಇಡಬೇಕು.